ಮ್ಯಾಚಿಂಗ್ ದಾರ

"ನೀವು ಆಯ್ಕೆಯಾಗಿದ್ದೀರಿ ಅಮ್ಮ" ಎಂದಳು ಫೋನಿನಲ್ಲಿ ಒಬ್ಬ ಹುಡುಗಿ, ಏನೋ ಬಹುಮಾನ ಬಂದಿದೆ ಎನ್ನುವ ದನಿಯಲ್ಲಿ.

ನನಗೆ ಮೈಯೆಲ್ಲ ಉರಿಯಿತು. ಆಯ್ಕೆಯಾಗಲು ನಾನೇನು ಅರ್ಜಿ ಹಾಕಿದ್ದೆನೇ? ಅದೂ ಗಿರಾಕಿ ನಿಂತಿರುವ ಹೊತ್ತಿನಲ್ಲಿ. ನನ್ನದು ದಾರ, ಗುಂಡಿ, ಜಿಪ್ಪು, ಎಲಾಸ್ಟಿಕ್ಕಿನ ಅಂಗಡಿ. ಗಿರಾಕಿ ಕೊಟ್ಟ ತಿಳಿ ನೇರಳೆ ಬಟ್ಟೆಯ ಚೂರನ್ನು ಹಿಡಿದು ನಾನು ಬಾಗಿಲ ಹೊರಗೆ ಬಂದಿದ್ದೆ. ಟ್ಯೂಬ್‌ಲೈಟಿನ ಕೆಳಗೆ ಬಣ್ಣ ಸುಳ್ಳು ಹೇಳುತ್ತದೆ. ಬಟ್ಟೆಗೆ ದಾರ ಹೊಂದಿಸಬೇಕಾದರೆ ಹೊಸ್ತಿಲು ದಾಟಿ ಬೆಳಕಿಗೆ ಬರಲೇಬೇಕು. ಒಂದು ಕೈಯಲ್ಲಿ ಬಟ್ಟೆ, ಇನ್ನೊಂದರಲ್ಲಿ ದಾರದ ರೀಲು, ಕಿವಿಗೂ ಭುಜಕ್ಕೂ ನಡುವೆ ಫೋನು.

"ಯಾರಮ್ಮ ನೀನು? ಬ್ಯಾಂಕಿನ ನಂಬರ್ ಗಿಂಬರ್ ಕೇಳೋ ಹಾಗಿದ್ರೆ ಈಗ್ಲೇ ಫೋನ್ ಇಡು."

"ಅಯ್ಯೋ, ಇಲ್ಲಮ್ಮ. ನಾನು ಯೂನಿವರ್ಸಿಟಿಯ ಮನಶ್ಶಾಸ್ತ್ರ ವಿಭಾಗದಿಂದ ಮಾತಾಡ್ತಿರೋದು. ನಿಮ್ಮ ವಯಸ್ಸಿನವರ ನೆನಪಿನ ಶಕ್ತಿ ಬಗ್ಗೆ ಒಂದು ಸಂಶೋಧನೆ ಮಾಡ್ತಿದೀವಿ. ಒಂದು ಬೆಳಿಗ್ಗೆ ಬಂದು ಕೆಲವು ಪ್ರಶ್ನೆಗೆ ಉತ್ತರ ಹೇಳಿದ್ರೆ ಸಾಕು."

ನೆನಪಿನ ಶಕ್ತಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಬಟ್ಟೆ, ರೀಲು ಎರಡನ್ನೂ ಒಂದೇ ಕೈಗೆ ತುರುಕಿಕೊಂಡು ಫೋನು ಕೈಗೆ ತೆಗೆದುಕೊಂಡೆ.

"ನನ್ನ ಹೆಸರು ನಿಂಗೆ ಯಾರು ಕೊಟ್ರು?"

ಹುಡುಗಿ ತಡವರಿಸಿದಳು. ತಡವರಿಸಿದ್ದನ್ನು ನಾನು ಗಮನಿಸಿದೆ. "ಅದು... ಆಯ್ಕೆಗೆ ಒಂದು ಪದ್ಧತಿ ಅಂತ ಇರುತ್ತೆ ಅಮ್ಮ. ಬಂದಾಗ ವಿವರವಾಗಿ ಹೇಳ್ತೀನಿ."

ಪದ್ಧತಿಯಂತೆ! ಆಮೇಲೆ ತಿಳಿಸುತ್ತೇನೆಂದು ಫೋನ್ ಇಟ್ಟೆ. ಗಿರಾಕಿಗೆ ಕೊಟ್ಟು ಕಳಿಸಿದ ದಾರ ಒಂದು ಶೇಡು ಗಾಢವಾಯಿತು ಎನ್ನುವುದು ಅವಳು ಬೀದಿ ತಿರುಗಿದ ಮೇಲೆ ಹೊಳೆಯಿತು. ಹಾಗೆ ತಪ್ಪು ದಾರ ಕೊಡುವವಳಲ್ಲ ನಾನು.

ವಿಷಯ ಬಿಡಿಸಿ ಹೇಳಿಬಿಡುತ್ತೇನೆ, ಮುಚ್ಚುಮರೆ ನನಗಾಗದು. ಕೆಲವು ತಿಂಗಳಿಂದ ನಮ್ಮ ಮನೆಯಲ್ಲಿ ವಸ್ತುಗಳು ಇರಬೇಕಾದ ಕಡೆ ಇರುತ್ತಿರಲಿಲ್ಲ. ಅಂಗಡಿಯ ಬೀಗದ ಕೈ ಸಕ್ಕರೆ ಡಬ್ಬಿಯೊಳಗೆ ಸಿಕ್ಕಿತು. ಹಾಲಿಟ್ಟ ಒಲೆ ಆರಿಸದೆ ಪಾತ್ರೆ ತಳ ಹಿಡಿದು ಮನೆಯೆಲ್ಲ ಹೊಗೆಯಾಯಿತು. ಒಂದು ದಿನ ಮುಂಬಾಗಿಲು ಹಾರು ಹೊಡೆದುಕೊಂಡೇ ಇತ್ತು. ಮನೆಯಲ್ಲಿರುವವರು ನಾವು ಮೂವರು: ನಾನು, ನಮ್ಮ ಯಜಮಾನರು, ಸೊಸೆ. ಮಗನಿಗೆ ಲಾರಿ ಕಂಪನಿಯ ಕೆಲಸ, ಊರೂರು ಸುತ್ತುವುದೇ ಆಯಿತು, ಅವನು ಲೆಕ್ಕಕ್ಕಿಲ್ಲ. ಇಂಥದ್ದು ನಡೆದಾಗಲೆಲ್ಲ ಸೊಸೆ ಮೊದಲು ನೋಡುವುದು ನನ್ನ ಮುಖವನ್ನು. ಮಾವನ ಮುಖ ನೋಡುವುದಿಲ್ಲ. ಮಾವ ಜೀವಮಾನವೆಲ್ಲ ಸಿಟಿ ಬಸ್ಸು ಓಡಿಸಿದವರು, ಒಂದು ದಿನ ದಾರಿ ತಪ್ಪಿದವರಲ್ಲ, ಒಂದು ಗೀರು ಬೀಳಿಸಿದವರಲ್ಲ. ನಾನೋ ಬಾಯಿಬಡುಕಿ, ಹತ್ತು ಕೆಲಸ ಒಟ್ಟಿಗೆ ಹಚ್ಚಿಕೊಂಡು ದಡಬಡ ಓಡಾಡುವವಳು. ಮರೆಯುವವಳು ನಾನೇ ಎಂದು ಯಾರೂ ಬಾಯಿಬಿಟ್ಟು ಹೇಳದೆ ತೀರ್ಮಾನವಾಗಿಹೋಗಿತ್ತು. ಒಳಗೊಳಗೆ ನನಗೂ ಹಾಗೇ ಅನ್ನಿಸುತ್ತಿತ್ತು. ಅದನ್ನು ಒಪ್ಪಿಕೊಳ್ಳಲು ನನಗೇನು ಹುಚ್ಚೇ?

ಒಪ್ಪಿಕೊಂಡರೆ ಅಂಗಡಿ ಹೋಗುತ್ತದೆ. ಪಕ್ಕದ ಮೊಬೈಲ್ ಅಂಗಡಿಯವನು ನಡುವಿನ ಗೋಡೆ ಒಡೆದು ದೊಡ್ಡದು ಮಾಡಿಕೊಳ್ಳಲು ಹೊಂಚು ಹಾಕುತ್ತಿದ್ದ. ಸೊಸೆಗೆ ಅದು ಗೊತ್ತು. "ಬಾಡಿಗೆಗೆ ಕೊಟ್ಟು ಆರಾಮಾಗಿರಿ ಅತ್ತೆ, ಈ ವಯಸ್ಸಲ್ಲಿ ನಿಮಗ್ಯಾಕೆ ಈ ತಾಪತ್ರಯ" ಎಂದು ಎರಡು ಮೂರು ಸಲ ಅಂದಿದ್ದಳು. ಅವಳ ದನಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಅದೇ ನನಗೆ ಇನ್ನಷ್ಟು ಗುಮಾನಿ ಹುಟ್ಟಿಸುತ್ತಿತ್ತು. ಆ ಅಂಗಡಿ ಬಿಟ್ಟರೆ ನಾನು ಯಾರು? ಬೆಳಗಾದರೆ ಎದ್ದು ಎಲ್ಲಿಗೆ ಹೋಗಲಿ?

ಎಲ್ಲಕ್ಕಿಂತ ನನ್ನನ್ನು ಉರಿಸಿದ್ದು ನಮ್ಮವರ ಹೊಸ ಚಾಳಿ. ಮೊದಲು ಮಾತೇ ಇಲ್ಲದ ಮನುಷ್ಯ. ಈಗ ಹಾಸಿಗೆಯಿಂದ ಎದ್ದರೆ ಪರೀಕ್ಷೆ ಶುರು.

"ಲೇ, ಇವತ್ತು ಯಾವ ವಾರ, ಹೇಳು ನೋಡೋಣ?"

"ಎದುರಿನ ಟೈಲರ್ ಮಗಳನ್ನ ಯಾವ ಊರಿಗೆ ಕೊಟ್ರು, ಹೇಳು ನೋಡೋಣ?"

ನಾನು ಹೇಳುತ್ತಿದ್ದೆ. ಹೇಳಿದ ಕೂಡಲೇ ತಲೆಯಾಡಿಸಿ "ಸರಿಯಾಗಿ ಹೇಳ್ದೆ" ಎನ್ನುತ್ತಿದ್ದರು, ಥೇಟ್ ಮೇಷ್ಟ್ರ ಹಾಗೆ. ಮೊದಮೊದಲು ತಮಾಷೆ ಎಂದುಕೊಂಡೆ. ಆಮೇಲೆ ತಿಳಿಯಿತು, ಸೊಸೆಯೂ ಇವರೂ ಸೇರಿ ನನ್ನನ್ನು ತೂಗಿ ನೋಡುತ್ತಿದ್ದಾರೆ. "ಇನ್ನೊಂದ್ಸಲ ಕೇಳಿದ್ರೆ ನೋಡಿ ಮತ್ತೆ!" ಎಂದು ಒಮ್ಮೆ ಸೌಟು ಎತ್ತಿಯೇ ಬಿಟ್ಟಿದ್ದೆ. ಅವರು ನಕ್ಕು ಎದ್ದು ಹೋದರು. ಪೆನ್ಷನ್ ಆಫೀಸಿನಲ್ಲಿ ಕೆಲಸವಿದೆ ಎಂದರು. ಈಗೀಗ ಅವರಿಗೆ ಆ ಆಫೀಸಿನಲ್ಲಿ ಬಹಳ ಕೆಲಸ.

ಆ ದಿನ ಊಟಕ್ಕೆ ಕೂತಾಗ ಫೋನಿನ ವಿಷಯ ಎತ್ತಿದೆ. ಬೇಕೆಂದೇ ಎತ್ತಿದೆ, ಇಬ್ಬರ ಮುಖವೂ ಒಟ್ಟಿಗೆ ಕಾಣುವ ಜಾಗದಲ್ಲಿ ಕೂತಿದ್ದೆ.

"ಯೂನಿವರ್ಸಿಟಿಯಿಂದ ಫೋನ್ ಬಂದಿತ್ತು. ನನ್ನ ನೆನಪಿನ ಶಕ್ತಿ ನೋಡ್ತಾರಂತೆ. ನಾನು ಆಯ್ಕೆಯಾಗಿದೀನಂತೆ."

ಸೊಸೆ ತಟ್ಟೆಯಿಂದ ತಲೆಯೆತ್ತಿ ನನ್ನನ್ನೇ ನೋಡಿದಳು. ನಮ್ಮವರು ತಲೆಯೆತ್ತಲಿಲ್ಲ.

"ಚೀಟಿ ಎತ್ತಿರ್ತಾರೆ ಕಣೇ" ಎಂದರು. "ಸಂಶೋಧನೆ ಅಂದ್ರೆ ಹಂಗೇ. ಊರವರ ಹೆಸರೆಲ್ಲ ಹಾಕಿ ಒಂದು ಚೀಟಿ ಎತ್ತೋದು. ನಿನ್ನದು ಬಂದಿದೆ. ಹೋಗಿ ಬಾ, ನಾನೂ ಬರ್ತೀನಿ."

ನಾನು ಕೇಳುವ ಮೊದಲೇ ಉತ್ತರ ಸಿದ್ಧವಾಗಿತ್ತು. ಯಾವ ಪ್ರಶ್ನೆಗೂ ಇಷ್ಟು ಚುರುಕಾಗಿ ಬಾಯಿಬಿಡುವ ಗಂಡಸಲ್ಲ ಅವರು. ಇಡೀ ಊರಿನ ಹೆಸರುಗಳಲ್ಲಿ, ಬೀಗದ ಕೈ ಸಕ್ಕರೆ ಡಬ್ಬಿಯಲ್ಲಿ ಸಿಕ್ಕ ಮನೆಯದೇ ಚೀಟಿ, ಅದರಲ್ಲೂ ನನ್ನದೇ ಚೀಟಿ ಬರುತ್ತದೆ, ಅದನ್ನು ನಾನು ನಂಬಬೇಕು. ನಾನೇನು ಕಿವಿ ಮೇಲೆ ಹೂ ಇಟ್ಟುಕೊಂಡು ಕೂತಿದ್ದೇನೆಯೇ?

ಮಾರನೆಯ ದಿನ ಅಂಗಡಿಗೆ ಬಂದವರನ್ನೆಲ್ಲ ವಿಚಾರಿಸಿದೆ. ನನ್ನ ವಯಸ್ಸಿನವರು ಯಾರೇ ಬರಲಿ, ಗುಂಡಿ ಎಣಿಸಿಕೊಡುತ್ತ ಮೆಲ್ಲಗೆ ಕೇಳುವುದು: ನಿಮಗೂ ಫೋನ್ ಬಂದಿತ್ತೇ? ಯಾರಿಗೂ ಬಂದಿರಲಿಲ್ಲ. ಎದುರಿನ ಟೈಲರ್ ಅಂತೂ ಹಲ್ಲುಕಿರಿದ.

"ನನ್ನ ಯಾರು ಕರೀತಾರಕ್ಕ? ಊಟಕ್ಕೆ ಹೆಂಡ್ತಿನೇ ಕರೆಯಲ್ಲ."

"ತಮಾಷೆ ಬೇಡ ಕಣಪ್ಪ. ಚೀಟಿ ಎತ್ತಿದ್ರೆ ಈ ಬೀದಿಯಲ್ಲಿ ಇನ್ನೊಬ್ಬರಿಗಾದ್ರೂ ಬರಬೇಕಲ್ಲ?"

"ಹಂಗಾದ್ರೆ ಯಾರೋ ಬೇಕಂತ್ಲೇ ನಿಮ್ಮ ಹೆಸರು ಬರೆಸಿದಾರೆ" ಎಂದು ಅವನು ಕತ್ತರಿ ಆಡಿಸುತ್ತ ಹೇಳಿದ. ಅವನು ಸುಮ್ಮನೆ ಬಾಯಿಗೆ ಬಂದದ್ದು ಹೇಳಿದ್ದಿರಬಹುದು. ನನಗೆ ಮಾತ್ರ ಅಲ್ಲಿಂದ ಮುಂದೆ ಅನುಮಾನ ಉಳಿಯಲಿಲ್ಲ, ಯಾರು ಎನ್ನುವುದೊಂದೇ ಉಳಿಯಿತು.

ಸೊಸೆಗೆ ಔಷಧಿ ಅಂಗಡಿಯಲ್ಲಿ ಕೆಲಸ. ಡಾಕ್ಟರುಗಳು, ಯೂನಿವರ್ಸಿಟಿಯವರು, ಎಲ್ಲರೂ ಅಲ್ಲಿಗೆ ಬರುತ್ತಾರೆ. ಸಂಜೆ ಅಡುಗೆಮನೆಯಲ್ಲಿ ಅವಳು ತರಕಾರಿ ಹೆಚ್ಚುತ್ತಿರುವಾಗ ಹೋಗಿ ಬಾಗಿಲಿಗೆ ಅಡ್ಡ ನಿಂತೆ.

"ನಿಮ್ಮ ಅಂಗಡಿಗೆ ಆ ಯೂನಿವರ್ಸಿಟಿ ಮೇಷ್ಟ್ರುಗಳು ಬರ್ತಾರಲ್ವಾ?"

"ಬರ್ತಾರೆ ಅತ್ತೆ. ತಲೆನೋವಿನ ಮಾತ್ರೆ ತಗೊಂಡು ಹೋಗ್ತಾರೆ."

"ನನ್ನ ತಲೆ ವಿಷಯ ಏನಾದ್ರೂ ಎತ್ತಿದ್ಯಾ ಅವರ ಹತ್ರ?"

ಅವಳಿಗೆ ನಗು ಬಂತು. "ಅವರ ತಲೆನೋವೇ ಅವರಿಗೆ ಸಾಕಾಗಿದೆ, ನಿಮ್ಮ ತಲೆ ಯಾಕೆ ಹೊರಿಸ್ಲಿ?"

"ನಗಬೇಡ. ನೇರವಾಗಿ ಕೇಳ್ತಿದೀನಿ, ನೇರವಾಗಿ ಹೇಳು. ನನ್ನ ಹೆಸರು ಕೊಟ್ಟೋಳು ನೀನೇನಾ?"

ಚಾಕು ಕೆಳಗಿಟ್ಟಳು. ಕೈ ಒರೆಸಿಕೊಂಡಳು. "ನಿಮ್ಮಾಣೆ ಅತ್ತೆ, ನಾನು ಕೊಟ್ಟಿಲ್ಲ. ಆದ್ರೆ ಒಂದು ಮಾತು. ಅವರೇನಾದ್ರೂ ನನ್ನ ಕೇಳಿದ್ದಿದ್ರೆ ಕೊಡ್ತಿದ್ದೆ. ಅವತ್ತು ಒಲೆ ಹಾಗೇ ಬಿಟ್ಟಿದ್ರಲ್ಲ, ನಾನು ಸ್ವಲ್ಪ ತಡವಾಗಿ ಬಂದಿದ್ರೆ ಏನಾಗ್ತಿತ್ತು? ನನಗೆ ಭಯ ಆಗುತ್ತೆ ಅತ್ತೆ. ಹೋಗಿ ಬನ್ನಿ, ಅವರು ಏನು ಹೇಳ್ತಾರೋ ನೋಡೋಣ. ಆಮೇಲೆ ಅಂಗಡಿ ವಿಷಯ ಮಾತಾಡೋಣ."

ಅವಳು ಸುಳ್ಳಾಡಲಿಲ್ಲ ಎಂದು ಮುಖ ನೋಡಿದರೇ ತಿಳಿಯುತ್ತಿತ್ತು. ಸುಳ್ಳಾಡಿದ್ದರೆ ಜಗಳವಾಡಿ ಹಗುರಾಗಬಹುದಿತ್ತು. ಈಗ ಅದೂ ಇಲ್ಲ. ಕೋಣೆಗೆ ಹೋಗಿ ದಿಂಬಿಗೆ ಮುಖವೊತ್ತಿ ಸ್ವಲ್ಪ ಹೊತ್ತು ಅತ್ತೆ. ಆಮೇಲೆ ಎದ್ದು ಕೂತು ನಿರ್ಧಾರ ಮಾಡಿದೆ. ಆಗಲಿ, ಹೋಗುತ್ತೇನೆ. ಹೋಗಿ ಎಲ್ಲಕ್ಕೂ ಸರಿಯುತ್ತರ ಕೊಟ್ಟು, ಅದನ್ನು ಅವರ ಬಾಯಲ್ಲೇ ಹೇಳಿಸಿ, ಆ ಮೊಬೈಲಿನವನ ಆಸೆಗೆ ತಣ್ಣೀರು ಎರಚುತ್ತೇನೆ.

ಹುಡುಗಿಗೆ ಫೋನ್ ಮಾಡಿ ದಿನ ಗೊತ್ತು ಮಾಡಿಕೊಂಡೆ. ಅಲ್ಲಿಯವರೆಗೆ ಅಂಗಡಿಯಲ್ಲಿ ಗಿರಾಕಿಗಳಿಲ್ಲದಾಗೆಲ್ಲ ಅಭ್ಯಾಸ. ಕಣ್ಣು ಮುಚ್ಚಿ ಮೇಲಿನ ಸಾಲಿನಿಂದ ಒಂದೊಂದೇ ರೀಲಿನ ನಂಬರು ಹೇಳುವುದು, ಕಣ್ಣು ಬಿಟ್ಟು ನೋಡುವುದು. ಒಂದೂ ತಪ್ಪಲಿಲ್ಲ. ತಪ್ಪದೆ ಹೋದದ್ದಕ್ಕೂ ನನಗೆ ಗುಮಾನಿಯೇ. ಇಷ್ಟು ನೆನಪಿರುವವಳು ಬೀಗದ ಕೈಯನ್ನು ಸಕ್ಕರೆಗೆ ಹೇಗೆ ಹಾಕಿದೆ?

ಆ ಬೆಳಿಗ್ಗೆ ನಮ್ಮವರು ನನಗಿಂತ ಮೊದಲೇ ಮುಖ ತೊಳೆದು ಇಸ್ತ್ರಿ ಅಂಗಿ ಹಾಕಿಕೊಂಡು ಸಿದ್ಧರಾಗಿದ್ದರು. ಹೊರಡುವಾಗ ಇನ್ನೊಮ್ಮೆ ಮುಖ ತೊಳೆದುಕೊಂಡು ಬಂದರು. ಬಸ್ ನಿಲ್ದಾಣಕ್ಕೆ ಬಂದೆವು. ಅಲ್ಲಿಯೂ ಬಿಡಲಿಲ್ಲ.

"ಯೂನಿವರ್ಸಿಟಿಗೆ ಯಾವ ಬಸ್ಸು, ಹೇಳು ನೋಡೋಣ?"

"ಜೀವಮಾನವೆಲ್ಲ ಬಸ್ ಓಡಿಸಿದವರು ನೀವು! ನನ್ನ ಕೇಳ್ತೀರಾ? ಒಂಬತ್ತನೇ ನಂಬರು. ಸಾಕಾ? ಮಾರ್ಕ್ಸ್ ಹಾಕ್ಕೊಳ್ಳಿ."

"ಸರಿಯಾಗಿ ಹೇಳ್ದೆ" ಎಂದರು. ಬಸ್ಸಿನಲ್ಲಿ ನಾನು ಬೇಕೆಂದೇ ಬೇರೆ ಸೀಟಿನಲ್ಲಿ ಕೂತೆ.

ಮನಶ್ಶಾಸ್ತ್ರ ವಿಭಾಗ ಒಂದು ಹಳೆಯ ಕಟ್ಟಡದ ಮೇಲಿನ ಮಹಡಿಯಲ್ಲಿತ್ತು. ಉದ್ದನೆಯ ಪಡಸಾಲೆ, ಗೋಡೆಗೆ ಒರಗಿಸಿದ ಮರದ ಬೆಂಚು. ಫೋನು ಮಾಡಿದ್ದ ಹುಡುಗಿ ಹೊರಗೆ ಬಂದಳು. ತೆಳ್ಳಗೆ, ಕನ್ನಡಕ, ಕೋಟಿನ ಒಂದು ಗುಂಡಿ ಬೇರೆ ಬಣ್ಣದ್ದು. ನನ್ನನ್ನು ನೋಡುವ ಮೊದಲು ನಮ್ಮವರನ್ನು ನೋಡಿ ನಕ್ಕಳು.

"ಬಂದ್ರಾ ಸಾರ್? ಹೇಗಿದೀರಾ?"

ಹೋ, ಇವರಿಬ್ಬರಿಗೂ ಪರಿಚಯ! ಹೆಸರು ಕೊಟ್ಟದ್ದು ಸೊಸೆಯಲ್ಲ, ಟೈಲರಲ್ಲ, ಮೊಬೈಲಿನವನೂ ಅಲ್ಲ. ನನ್ನ ಪಕ್ಕದಲ್ಲಿ ಮಲಗುವ ಮನುಷ್ಯ! ಪೆನ್ಷನ್ ಆಫೀಸೆಂದು ಹೇಳಿ ಇಲ್ಲಿಗೆ ಬಂದು, ನನ್ನ ಹೆಂಡತಿಗೆ ಮರೆವು ಹಿಡಿದಿದೆ, ಸ್ವಲ್ಪ ನೋಡಿ ಎಂದು ಬರೆಸಿಹೋಗಿದ್ದಾರೆ. ಅಲ್ಲೇ ಕೂಗಾಡಬೇಕೆನ್ನಿಸಿತು. ಮಾಡಲಿಲ್ಲ. ಗೆದ್ದು ಹೊರಗೆ ಬಂದಮೇಲೆ ನೋಡಿಕೊಳ್ಳುತ್ತೇನೆ ಎಂದುಕೊಂಡೆ. ನನ್ನ ಕೈಚೀಲವನ್ನು ಅವರ ತೊಡೆಯ ಮೇಲೆ ಕುಕ್ಕಿ, "ಇಲ್ಲಿಂದ ಕದಲಿದ್ರೆ ನೋಡಿ" ಎಂದು ಹೇಳಿ ಒಳಗೆ ಹೋದೆ.

ಕೋಣೆಯಲ್ಲಿ ಒಂದು ಮೇಜು, ಎರಡು ಕುರ್ಚಿ, ಒಂದು ಕಿಟಕಿ. ಹುಡುಗಿ ಐದು ಪದ ಓದಿದಳು: ಏಣಿ, ಕಪ್ಪೆ, ಉಪ್ಪು, ಕೊಡೆ, ಸೇತುವೆ. ನಾನು ತಿರುಗಿ ಹೇಳಿದೆ.

"ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳ್ತೀನಿ ಅಮ್ಮ. ಅಲ್ಲೀವರೆಗೂ ಬೇರೆ ಏನಾದ್ರೂ ಮಾತಾಡೋಣ. ಅವತ್ತು ಫೋನಲ್ಲಿ ಏನೋ ಕೇಳಿದ್ರಲ್ಲ?"

"ಹೌದು. ನನ್ನ ಹೆಂಗೆ ಆರಿಸಿದ್ರಿ, ಅದನ್ನ ಹೇಳು. ಚೀಟಿ ಎತ್ತಿದ್ರೋ?"

ಅವಳಿಗೆ ಖುಷಿಯಾಯಿತು. ಇದನ್ನು ಯಾರೂ ಕೇಳುವುದಿಲ್ಲವೇನೋ ಪಾಪ, ಕುರ್ಚಿ ಮುಂದಕ್ಕೆ ಎಳೆದುಕೊಂಡು ಕೂತಳು.

"ಚೀಟಿ ಎತ್ತೋ ಪದ್ಧತಿನೂ ಇದೆ ಅಮ್ಮ. ಎಲ್ಲರ ಹೆಸರೂ ಹಾಕಿ ಎತ್ತೋದು, ಯಾರದು ಬರುತ್ತೋ ಅವರನ್ನ ಕರೆಯೋದು. ಅಲ್ಲಿ ಯಾರಿಗೂ ಮೋಸ ಇಲ್ಲ. ಇನ್ನು ಕೆಲವರು ಸುಲಭ ಅಂತ ಕೈಗೆ ಸಿಕ್ಕಿದವರನ್ನೇ ಕೂರಿಸ್ಕೋತಾರೆ. ಪಕ್ಕದ ಕ್ಲಾಸಿನ ಹುಡುಗರನ್ನ ನೋಡಿ, ಲೋಕದಲ್ಲಿ ಎಲ್ಲರೂ ಹೀಗೇ ಅಂತ ಬರೆದುಬಿಡ್ತಾರೆ. ನಮ್ಮ ಮೇಡಮ್ಮಿಗೆ ಅದನ್ನ ಕಂಡ್ರೆ ಆಗಲ್ಲ."

"ನಾನು ಯಾವುದು? ಚೀಟಿನಾ, ಕೈಗೆ ಸಿಕ್ಕಿದವಳಾ?"

"ನೀವು ಎರಡೂ ಅಲ್ಲ. ನಮ್ಮ ಈ ಕೆಲಸಕ್ಕೆ ಚೀಟಿ ಆಗಲ್ಲ. ಮರೆವಿನ ಕಾಯಿಲೆ ಶುರುವಾದವರನ್ನೂ, ಕಾಯಿಲೆ ಇಲ್ಲದವರನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಹಾಗೆ ನೋಡೋವಾಗ ಇಬ್ಬರಿಗೂ ಉಳಿದಿದ್ದೆಲ್ಲ ಒಂದೇ ಥರ ಇರಬೇಕು. ವಯಸ್ಸು, ಊಟ, ನಿದ್ದೆ, ಮನೆಯ ಗಲಾಟೆ. ಇಲ್ಲಾಂದ್ರೆ ವ್ಯತ್ಯಾಸ ಕಾಯಿಲೆಯಿಂದ ಬಂತೋ, ಊಟದಿಂದ ಬಂತೋ ಹೇಗೆ ಹೇಳೋದು? ಅದಕ್ಕೇ ಮೊದಲು ಆಸ್ಪತ್ರೆಯವರು ಕಳಿಸಿದವರನ್ನ ತಗೋತೀವಿ. ಆಮೇಲೆ ಅವರಿಗೆ ಹೊಂದೋರನ್ನ ಹುಡುಕ್ತೀವಿ. ನೀವು ಮ್ಯಾಚಿಂಗಿಗೆ ಬಂದಿರೋರು."

"ಅಂದ್ರೆ ನಾನು ಮರೆವಿನವರ ಕಡೆ ಅಲ್ಲ?"

"ಅಲ್ವೇ ಅಲ್ಲ! ನಿಮ್ಮದು ಸರಿಯಾಗಿರೋರ ಗುಂಪು."

ಅಬ್ಬಾ! ಎದೆಯ ಮೇಲಿನ ಕಲ್ಲು ಇಳಿಯಿತು. ಈ ಕ್ಷಣದಲ್ಲೇ ಸೊಸೆಗೆ ಫೋನ್ ಮಾಡಿ, ಕೇಳಿಸ್ಕೊಂಡ್ಯಾ, ನಾನು ಸರಿಯಾಗಿರೋರ ಗುಂಪು ಎಂದು ಕೂಗಿ ಹೇಳಬೇಕೆನ್ನಿಸಿತು. ಮೊಬೈಲ್ ಅಂಗಡಿಯವನ ಸಪ್ಪೆ ಮುಖ ಕಣ್ಣೆದುರು ಬಂತು. ನಗುತ್ತಲೇ ಇದ್ದೆ. ನಗುತ್ತಿದ್ದ ಹಾಗೆಯೇ ಅವಳಾಡಿದ ಆ ಒಂದು ಪದ ತಲೆಯಲ್ಲಿ ಎಲ್ಲೋ ಸಿಕ್ಕಿಕೊಂಡಿತು. ಮ್ಯಾಚಿಂಗ್. ದಿನಬೆಳಗಾದರೆ ನಾನು ಕೇಳುವ ಪದ. ಅಂಗಡಿಗೆ ಬಂದು ಮ್ಯಾಚಿಂಗ್ ಕೊಡಿ ಎಂದವರು ಯಾರೂ ಬರಿಗೈಯಲ್ಲಿ ಬಂದದ್ದಿಲ್ಲ. ಮೊದಲು ಬಟ್ಟೆ ಇರುತ್ತದೆ. ದಾರ ಆಮೇಲೆ.

"ಹಾಗಾದ್ರೆ ಬಟ್ಟೆ ಯಾರು?" ಎಂದೆ.

"ಏನಮ್ಮ?"

"ನಾನು ಮ್ಯಾಚಿಂಗ್ ಅಂದ್ಯಲ್ಲ. ಯಾರಿಗೆ ಮ್ಯಾಚಿಂಗ್?"

ಹುಡುಗಿಯ ಮುಖದ ಬಣ್ಣ ಇಳಿಯಿತು. ಕನ್ನಡಕ ತೆಗೆದಳು, ಹಾಕಿಕೊಂಡಳು. ಬಾಗಿಲ ಕಡೆ ನೋಡಿದಳು. ಅವಳು ಬಾಯಿ ತೆರೆಯಬೇಕಾಗಿರಲಿಲ್ಲ. ಹೆಚ್ಚುಕಮ್ಮಿ ಒಂದೇ ವಯಸ್ಸು, ಒಂದೇ ಊಟ, ಒಂದೇ ನಿದ್ದೆ, ಒಂದೇ ಮನೆಯ ಗಲಾಟೆ.

"ಅವರು... ನಿಮಗೆ ಹೇಳಿದೀನಿ ಅಂದ್ರಮ್ಮ" ಎಂದಳು ಕೊನೆಗೆ. "ಅವಳಿಗೆಲ್ಲ ಗೊತ್ತು, ಫೋನಲ್ಲಿ ಮಾತ್ರ ನನ್ನ ವಿಷಯ ಎತ್ತಬೇಡಿ, ಅಂಗಡೀಲಿ ಜನ ಇರ್ತಾರೆ ಅಂದ್ರು. ನಾನು ನಂಬಿಬಿಟ್ಟೆ. ನಿಮ್ಮ ಹತ್ರ ಮೊದಲು ಕೇಳಬೇಕಿತ್ತು. ತಪ್ಪಾಯ್ತಮ್ಮ."

ಇವತ್ತು ಯಾವ ವಾರ, ಹೇಳು ನೋಡೋಣ. ಟೈಲರ್ ಮಗಳನ್ನು ಯಾವ ಊರಿಗೆ ಕೊಟ್ಟರು, ಹೇಳು ನೋಡೋಣ. ಯಾವ ಬಸ್ಸು, ಹೇಳು ನೋಡೋಣ. ಅಯ್ಯೋ ನನ್ನ ಮಂಕುಬುದ್ಧಿಯೇ! ಅದು ಪರೀಕ್ಷೆಯಲ್ಲ. ಅವರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದಕ್ಕೆ ಕೇಳುತ್ತಿದ್ದರು, ಗೊತ್ತಿದ್ದವರ ಹಾಗೆ ತಲೆಯಾಡಿಸುತ್ತಿದ್ದರು. ನಾನು ಸೌಟು ಎತ್ತಿದ್ದೆ. ಜೀವಮಾನವೆಲ್ಲ ಬಸ್ಸು ಓಡಿಸಿದವರು ಎಂದು ಹಂಗಿಸಿದ್ದೆ, ಇವತ್ತು ಬೆಳಿಗ್ಗೆಯೇ.

ಹುಡುಗಿ ನೀರು ತಂದುಕೊಟ್ಟಳು. "ಇಲ್ಲಿಗೇ ನಿಲ್ಲಿಸಬಹುದಮ್ಮ. ನಿಮ್ಮಿಷ್ಟ. ಯಾರೂ ಏನೂ ಅನ್ನಲ್ಲ."

"ನಾನು ಎದ್ದು ಹೋದ್ರೆ ಅವರದ್ದು ಏನಾಗುತ್ತೆ?"

"ಜೋಡೀಲಿ ಒಬ್ಬರು ಬಿಟ್ರೆ ಇನ್ನೊಬ್ಬರದ್ದೂ ಸೇರಿಸಕ್ಕಾಗಲ್ಲ. ಅವರ ಔಷಧಿಗೂ ಇದಕ್ಕೂ ಸಂಬಂಧ ಇಲ್ಲ, ಅದು ಆಸ್ಪತ್ರೇದು, ನಡೀತಿರುತ್ತೆ. ಆದ್ರೆ ಅವರು ತುಂಬಾ ಆಸೆಯಿಂದ ಬರ್ತಾರೆ. ನನ್ನ ನೆನಪು ಹೋದ್ರೂ ಬೇರೆಯವರಿಗೆ ಉಪಯೋಗಕ್ಕೆ ಬರ್ಲಿ ಅಂತಾರೆ."

"ಕೇಳು" ಎಂದೆ.

"ಆ ಐದು ಪದ ನೆನಪಿದೆಯಾ ಅಮ್ಮ?"

ನೆನಪಿತ್ತು. ಐದಕ್ಕೆ ಐದೂ ನಾಲಗೆಯ ತುದಿಯಲ್ಲೇ ಇದ್ದವು. ಈ ಐದು ಪದ ಹೇಳಿ ಗೆಲ್ಲಬೇಕೆಂದು ತಾನೇ ನಾನು ಬಂದದ್ದು? ಹೊರಗೆ ಬೆಂಚಿನ ಮೇಲೆ ಕೂತವರು ಇವನ್ನು ಹೇಳಲು ಎಷ್ಟು ಒದ್ದಾಡಿರಬೇಕು. ನನ್ನದು ಪೂರ್ತಿಯಾದಷ್ಟೂ ಅವರದು ಕಡಿಮೆ ಕಾಣುತ್ತದೆ.

"ಇಲ್ಲ. ಮರೆತೋಯ್ತು" ಎಂದೆ. "ಒಂದೂ ನೆನಪಿಲ್ಲ."

ಹುಡುಗಿ ಬರೆದುಕೊಳ್ಳಲಿಲ್ಲ. ಪೆನ್ನು ಮೇಜಿನ ಮೇಲಿಟ್ಟು ಕಾದಳು. ಅವಳ ಕೋಟಿನ ಆ ಬೇರೆ ಬಣ್ಣದ ಗುಂಡಿಯನ್ನು ನೋಡುತ್ತ ಕೂತೆ. ಯಾರೋ ಅವಸರದಲ್ಲಿ ಕೈಗೆ ಸಿಕ್ಕಿದ್ದನ್ನು ಹಚ್ಚಿಕೊಟ್ಟಿದ್ದರು.

"ಅವರೂ ಹೀಗೇ ಒಂದ್ಸಲ ನನ್ನ ಹತ್ರ ಸುಳ್ಳು ಹೇಳಕ್ಕೆ ನೋಡಿದ್ರಮ್ಮ" ಎಂದಳು ಮೆಲ್ಲಗೆ. "ಹಿಂದಿನ ಸಲದ ಪದಗಳನ್ನ ಅಂಗೈಯಲ್ಲಿ ಬರ್ಕೊಂಡು ಬಂದಿದ್ರು. ಆಮೇಲೆ ಅವರೇ ತೋರಿಸಿ ಕೈ ತೊಳ್ಕೊಂಡ್ರು."

ನನಗೆ ತಡೆಯಲಾಗಲಿಲ್ಲ. ಅಳು ಬಂತು. 

"ಏಣಿ" ಎಂದೆ. "ಕಪ್ಪೆ. ಉಪ್ಪು. ಕೊಡೆ. ಸೇತುವೆ."

ಹೊರಗೆ ಬಂದಾಗ ಅವರು ಅದೇ ಬೆಂಚಿನ ಮೇಲೆ, ನಾನು ಕುಕ್ಕಿದ ಜಾಗದಲ್ಲೇ, ಕೈಚೀಲವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು. ಪಾಪ ಎನ್ನಿಸಿತು. ಅದರ ಬೆನ್ನಿಗೇ ಸಿಟ್ಟೂ ಬಂತು. ಇಷ್ಟು ದಿನ ಸೊಸೆಯ ಕಣ್ಣಿನ ಮುಂದೆ ನಾನು ಕುಗ್ಗುತ್ತಿದ್ದೆ, ಈ ಮಹಾನುಭಾವರು ನೋಡಿಯೂ ನೋಡದ ಹಾಗೆ ಊಟ ಮಾಡುತ್ತಿದ್ದರಲ್ಲ!

ಪಕ್ಕದಲ್ಲಿ ಕೂತೆ. "ಬೀಗದ ಕೈ ಸಕ್ಕರೆ ಡಬ್ಬಿಗೆ ಹಾಕಿದ್ದು ಯಾರು?"

ಅವರು ನನ್ನ ಮುಖ ನೋಡಿದರು, ಕೋಣೆಯ ಬಾಗಿಲು ನೋಡಿದರು. ಗೊತ್ತಾಯಿತು ಎನ್ನುವುದು ಅವರಿಗೂ ಗೊತ್ತಾಯಿತು.

"ನನಗೆ ಗೊತ್ತಿಲ್ಲ ಕಣೇ" ಎಂದರು. "ನಾನೇ ಇರಬೇಕು. ಜ್ಞಾಪಕ ಇಲ್ಲ. ಸೊಸೆ ನಿನ್ನ ಮುಖ ನೋಡಿದಾಗ, ದೇವರೇ, ಇವಳೇ ಆಗಿರ್ಲಿ ಅಂತ ಆಸೆ ಆಯ್ತು. ಇವಳಾಗಿದ್ರೆ ನಾನಲ್ಲ ಅಂತ ಆಗುತ್ತಲ್ಲ."

ಎಂಥ ಮಾತು! ಅದನ್ನು ಕೇಳಿ ಆ ಪಡಸಾಲೆಯಲ್ಲಿ ನನಗೆ ನಗಬೇಕೋ ಎರಡು ಬಾರಿಸಬೇಕೋ ತಿಳಿಯಲಿಲ್ಲ. "ಎಷ್ಟು ಒಳ್ಳೇ ಗಂಡ ಸಿಕ್ಕಿದ್ರಿ ನನಗೆ" ಎಂದೆ. ಕೈಚೀಲ ಕಿತ್ತುಕೊಂಡೆ. ಆಮೇಲೆ ಅವರ ಕೈ ಖಾಲಿಯಾಯಿತೆಂದು ಮತ್ತೆ ಅವರಿಗೇ ಕೊಟ್ಟೆ.

ಬಸ್ ನಿಲ್ದಾಣಕ್ಕೆ ಬಂದು ನಿಂತೆವು. ಒಂದು ಬಸ್ಸು ಬಂದು ಹೋಯಿತು. ಇನ್ನೊಂದು ತಿರುವಿನಲ್ಲಿ ಕಂಡಾಗ ಅವರು ಕತ್ತು ಚಾಚಿ ನೋಡಿದರು. ಕೇಳಬೇಕೋ ಬೇಡವೋ ಎಂದು ತುಟಿ ಅಲುಗುತ್ತಿತ್ತು. ಅವರು ಕೇಳುವ ಮೊದಲೇ ನಾನು ಹೇಳಿದೆ, "ಒಂಬತ್ತು. ಇದೇ ನಮ್ಮದು, ಹತ್ತಿ."

ಬಸ್ಸು ಹೊರಟ ಸ್ವಲ್ಪ ಹೊತ್ತಿಗೆ ಫೋನು. ಸೊಸೆ. ಊಟಕ್ಕೆಂದು ಮನೆಗೆ ಬಂದಿದ್ದಳಂತೆ. ದನಿ ಪಕ್ಕದವರಿಗೂ ಕೇಳುವಷ್ಟು ಜೋರಾಗಿತ್ತು.

"ಅತ್ತೆ, ಬಚ್ಚಲ ನಲ್ಲಿ ತಿರುಗಿಸಿ ಹಾಗೇ ಬಿಟ್ಟು ಹೋಗಿದೀರಾ! ಟ್ಯಾಂಕೆಲ್ಲ ಖಾಲಿ, ಹಜಾರದ ತನಕ ನೀರು! ಯಾರು ಬಿಟ್ಟಿದ್ದು, ನೀವೇನಾ?"

ನಮ್ಮವರು ಕಿಟಕಿಯ ಕಡೆಗೆ ಮುಖ ತಿರುಗಿಸಿದರು. ನನಗೆ ಚೆನ್ನಾಗಿ ಗೊತ್ತಿತ್ತು, ಬೆಳಿಗ್ಗೆ ಕೊನೆಯಲ್ಲಿ ಬಚ್ಚಲಿಗೆ ಹೋದವಳು ನಾನಲ್ಲ. ನಾನು ಸರಿಯಾಗಿರುವವರ ಗುಂಪು ಎಂದು ಅವಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಸಮಯ ಬೇರೆ ಇರಲಿಲ್ಲ. ಅದಕ್ಕೆಂದೇ ತಾನೇ ಇಷ್ಟು ದಿನ ಕಾದದ್ದು? ಅಂಗಡಿಯ ಬಾಗಿಲು, ಮೇಲಿನ ಸಾಲಿನ ರೀಲುಗಳು, ಹೊಸ್ತಿಲಾಚೆಯ ಬಿಸಿಲು ಎಲ್ಲ ಒಮ್ಮೆ ಕಣ್ಣ ಮುಂದೆ ಹಾದುಹೋಯಿತು. ಎಂದಾದರೂ ಒಂದು ದಿನ ಅವಳಿಗೆ ಹೇಳಲೇಬೇಕು. ಇವರು ಪಕ್ಕದಲ್ಲಿ ಹೀಗೆ ಮುಖ ತಿರುಗಿಸಿ ಕೂತಿರುವಾಗ ಆಗುವುದಿಲ್ಲ.

"ನಾನೇ ಕಣಮ್ಮ" ಎಂದೆ. "ಮರೆತೆ."

ಆ ಕಡೆ ಅವಳ ದನಿ ತಗ್ಗಿತು. "ಮೊಬೈಲ್ ಅಂಗಡಿಯವರು ಮತ್ತೆ ಕೇಳ್ತಿದ್ರು ಅತ್ತೆ. ಏನು ಹೇಳ್ಲಿ?"

"ಮನೆಗೆ ಬಂದು ಮಾತಾಡ್ತೀನಿ" ಎಂದು ಫೋನ್ ಇಟ್ಟೆ.

ನಮ್ಮವರು ನನ್ನ ತೋಳು ಹಿಡಿದು ಜಗ್ಗಿದರು. ಮುಖ ಅರಳಿತ್ತು. ಎಷ್ಟೋ ತಿಂಗಳಿಂದ ಆ ಮುಖದಲ್ಲಿ ನಾನು ಅಂಥ ಸಂತೋಷ ಕಂಡಿರಲಿಲ್ಲ.

"ಏ, ಅದು ನೀನಲ್ಲ ಕಣೇ, ನಾನು! ಮುಖ ತೊಳೆದೆ, ಟವೆಲ್ ಸಿಗಲಿಲ್ಲ, ಹುಡುಕಕ್ಕೆ ಹೋದೆ, ಹಾಗೇ ಬಿಟ್ಟೆ. ನನಗೆ ಚೆನ್ನಾಗಿ ಜ್ಞಾಪಕ ಇದೆ. ನೋಡು, ಪೂರ್ತಿ ಜ್ಞಾಪಕ ಇದೆ!"

"ಹೌದು ರೀ" ಎಂದೆ. "ಸರಿಯಾಗಿ ಹೇಳಿದ್ರಿ."